ಇಂದಿನ ಧಮ್ಮ ಚಿಂತನೆ: ಹಿರಿಯರ ಮೌನವೆಲ್ಲ ಉಪೇಕ್ಷೆಯಲ್ಲ





ಸಂಯುತ್ತ ನಿಕಾಯದಲ್ಲಿ ನಕುಲಪಿತ ಎಂಬ ಗೃಹಸ್ಥನ ಪ್ರಸಂಗ ಬರುತ್ತದೆ. ಮುಪ್ಪಿನಿಂದ, ರೋಗದಿಂದ ಸೋತು ಬಂದ ಅವನಿಗೆ ಭಗವಾನರು, ದೇಹ ರೋಗಿಯಾದರೂ ಮನಸ್ಸು ರೋಗಿಯಾಗದಂತೆ ನೋಡಿಕೊಳ್ಳಬೇಕೆಂದು ತಿಳಿಹೇಳುತ್ತಾರೆ. ಅಲ್ಲಿಂದ ಬಂದವನ ಮುಖದ ಕಳೆ ಗಮನಿಸಿ ವಿಚಾರಿಸಿದವರು ಸಾರಿಪುತ್ತರು. ಮುದುಕನೊಬ್ಬನ ಮುಖವನ್ನು ಅವರು ಹಾಗೆ ನೋಡಿದ್ದೇ ನನಗೆ ದೊಡ್ಡ ಪಾಠವಾಗಿ ಕಾಣುತ್ತದೆ.

ನಮ್ಮ ಮನೆಗಳಲ್ಲಿ ಹೇಗಿದೆ? ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ ವಂದನೆಗೆ ಬರುವುದನ್ನು ಬಿಟ್ಟಿದ್ದಾರೆ. ಆಯಿ ಅರ್ಧ ಊಟಕ್ಕೇ ಕೈ ತೊಳೆಯುತ್ತಾಳೆ, ನಸುಕಿನಲ್ಲೇ ಎದ್ದು ಸುಮ್ಮನೆ ಕೂಡುತ್ತಾಳೆ. ಮಕ್ಕಳು ‘ಅರವತ್ತಕ್ಕೆ ಅರಳು ಮರಳು’ ಎಂದು ಬಿಟ್ಟುಬಿಡುತ್ತಾರೆ. ಧಮ್ಮ ಓದಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಉಪೇಕ್ಷೆ ಸಾಧಿಸಿದ್ದಾರೆ’ ಎನ್ನುತ್ತಾರೆ. ಮೈತ್ರಿ, ಕರುಣೆ, ಮುದಿತೆಗಳ ಜೊತೆ ಬೆಳೆಯುವ ಗುಣ ಉಪೇಕ್ಷೆ. ಅಂಥವರು ಮೊಮ್ಮಗು ಬಂದರೆ ಕಣ್ಣರಳಿಸುತ್ತಾರೆ. ಖಿನ್ನತೆಯಲ್ಲಿ ಮೊಮ್ಮಗುವೂ ಬೇಡವಾಗುತ್ತದೆ.

ಇಳಿವಯಸ್ಸಿನಲ್ಲಿ ಖಿನ್ನತೆ ಇರುವವರಿಗೆ ಮುಂದೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಸಂಶೋಧನೆಗಳು ತೋರಿಸಿವೆ. 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಶಿಯಾಕ್ಕೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಅಂಶಗಳನ್ನು ಹೆಸರಿಸಿದೆ. ಖಿನ್ನತೆ, ಒಂಟಿತನ, ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ ಅದರಲ್ಲಿವೆ. ಬಾಲ್ಯದಲ್ಲಿ ಶಾಲೆ ಸಿಗದಿರುವುದೂ ಇದೆ. ನಮ್ಮ ಹಿರಿಯರಿಗೆ ಶಾಲೆ ಯಾಕೆ ಸಿಗಲಿಲ್ಲವೆಂದು ಈ ಬಳಗಕ್ಕೆ ಹೇಳಬೇಕಿಲ್ಲ.

ಹಾಗೆಂದು ಖಿನ್ನತೆ ಬಂದವರಿಗೆಲ್ಲ ಡಿಮೆನ್ಶಿಯಾ ಬರುವುದಿಲ್ಲ, ಹೆದರಿಸಬೇಡಿ. ಕೆಲವರಲ್ಲಿ ಅದು ಡಿಮೆನ್ಶಿಯಾದ ಮೊದಲ ಸೂಚನೆ. ಕೆಲವರಲ್ಲಿ ಬರಿಯ ಖಿನ್ನತೆಯೇ ಮರೆವಿನಂತೆ ತೋರುತ್ತದೆ, ಚಿಕಿತ್ಸೆಯಾದರೆ ನೆನಪೂ ಸುಧಾರಿಸುತ್ತದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಯಾವುದು ಯಾವುದೆಂದು ವೈದ್ಯರು ಪರೀಕ್ಷಿಸಿಯೇ ಹೇಳಬೇಕು.

‘ಹಿಂದಿನ ಜನ್ಮದ ಕರ್ಮ’ ಎಂಬ ಮಾತನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಆ ವಾದವನ್ನು ತಳ್ಳಿಹಾಕಿದ್ದಾರೆ. ದುಃಖಕ್ಕೆ ಕಾರಣವಿದೆ ಎಂದ ಮೇಲೆ ಕಾರಣ ಹುಡುಕುವುದೇ ನಮ್ಮ ಕೆಲಸ.

ಹಳಿಯಾಳ, ದಾಂಡೇಲಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಧ್ಯಾನ ಒಳ್ಳೆಯದೇ, ಆದರೆ ಅದನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸಬಾರದು.

ಈ ರವಿವಾರ ವಂದನೆ ಮುಗಿದ ಮೇಲೆ, ಬಾರದೆ ಉಳಿದ ಹಿರಿಯರ ಮನೆಗೆ ಇಬ್ಬಿಬ್ಬರು ಹೋಗಿ ಬರೋಣ. ‘ಯಾಕೆ ಬರಲಿಲ್ಲ’ ಎಂದು ಕೇಳುವುದು ಬೇಡ. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ ಎಂದು ಕೇಳಿ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ‘ಬದುಕು ಸಾಕಾಯ್ತು’ ಎಂಬ ಮಾತು ಬಂದರೆ ಮಾತ್ರ ಮುಂದಿನ ವಾರಕ್ಕೆ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.