ಅವತ್ತಿನ ಚಳಿ

ಚಿರಂಜೀವಿ ಪುಟ್ಟನಿಗೆ, ಪಾಪಿರೆಡ್ಡಿಪಟ್ಟಿಯಿಂದ ನಿನ್ನ ತಾತ ಮಾಡುವ ಆಶೀರ್ವಾದಗಳು. ಕಾಗದ ಬರೆ ಅಂದರೆ ನೀನು ಫೋನು ಮಾಡುತ್ತೀಯ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧ ಸಂಜೆಯ ಹೊತ್ತಿಗೆ ಮರೆತಿರುತ್ತದೆ. ಅದಕ್ಕೇ ಈ ಓಲೆ.

ಹೋದ ತಿಂಗಳು ನಿನ್ನ ಅಪ್ಪ ಬಂದಾಗ ನಿನ್ನ ಕಥೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟ. ಎರಡು ಸಲ ಓದಿದೆ. ಗಡಿಯಿಂದ ಊರಿಗೆ ಬಂದ ಸೈನಿಕ ರಾತ್ರಿ ಕಿರುಚಿಕೊಂಡು ಏಳುತ್ತಾನೆ, ಕುಡಿಯುತ್ತಾನೆ, ಹೆಂಡತಿಯ ಮೇಲೆ ಕೈ ಎತ್ತುತ್ತಾನೆ, ಕೊನೆಗೆ ಆಗಸ್ಟ್ 15ರ ಬೆಳಿಗ್ಗೆ ಶಾಲೆಯ ಬಾವುಟಕ್ಕೆ ಸೆಲ್ಯೂಟ್ ಹೊಡೆದು ಸರಿಹೋಗುತ್ತಾನೆ. ನಿನ್ನ ಕನ್ನಡ ಓದಿ ಹೆಮ್ಮೆಯಾಯಿತು. ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರ ಹತ್ತಿದ್ದು ಸೈನ್ಯದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿ ಬೆಂಗಳೂರಿಗೆ ಹೋದ ಮೇಲೆ, ಹಲಸೂರಿನ ಬಸ್ಸುಗಳ ಬೋರ್ಡು ಓದಿ ಓದಿ. ಆದರೆ ಆ ಸೆಲ್ಯೂಟ್ ನನಗೆ ಹಿಡಿಸಲಿಲ್ಲ ಮಗೂ. ಬಯ್ಯುತ್ತಿದ್ದೇನೆ ಅಂದುಕೊಳ್ಳಬೇಡ, ಯಾಕೆ ಹಿಡಿಸಲಿಲ್ಲ ಅಂತ ಹೇಳುತ್ತೇನೆ. ಸ್ವಲ್ಪ ಸುತ್ತುಬಳಸು ಆದೀತು.

ನೀನು ಐದು ವರ್ಷದವನಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದ್ರೌಪದಿ ಅಮ್ಮನ ಗುಡಿಯ ಭಾರತಕ್ಕೆ ಹೋಗಿದ್ದೆ. ಈ ಧರ್ಮಪುರಿ ಸೀಮೆಯಲ್ಲಿ ಅದು ದಿನಗಟ್ಟಲೆ ನಡೆಯುತ್ತದೆ; ಮಧ್ಯಾಹ್ನ ಭಾರತ ಓದಿ ಅರ್ಥ ಹೇಳುವುದು, ರಾತ್ರಿ ತೆರುಕೂತ್ತು ಎಂಬ ಬಯಲಾಟ. ಕರ್ಣಮೋಕ್ಷದ ರಾತ್ರಿ ಕರ್ಣ ಯುದ್ಧಕ್ಕೆ ಹೊರಡುವ ಮುಂಚೆ ಹೆಂಡತಿ ಪೊನ್ನುರುವಿಯಿಂದ ಬೀಳ್ಕೊಳ್ಳುವಾಗ ಬೀಡಿ ಸೇದುವವರೂ ಬೀಡಿ ಆರಿಸಿಬಿಡುತ್ತಾರೆ. ಕಡೆಯ ದಿನ ಪಡುಕಳ. ಬಯಲಿನಲ್ಲಿ ಮಣ್ಣಿನ ದುರ್ಯೋಧನನನ್ನು ಮಲಗಿಸಿರುತ್ತಾರೆ, ನಮ್ಮ ಮನೆಗಿಂತ ಉದ್ದ. ಭೀಮ ತೊಡೆ ಒಡೆಯುತ್ತಾನೆ, ದ್ರೌಪದಿ ಮುಡಿ ಕಟ್ಟುತ್ತಾಳೆ. ಅಲ್ಲಿಗೆ ಮುಗಿಯಬೇಕಲ್ಲ? ಮುಗಿಯುವುದಿಲ್ಲ. ಆಮೇಲೆ ಗಾಂಧಾರಿಯ ಒಪ್ಪಾರಿ, ಸಾವಿನ ಅಳುಹಾಡು. ನಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸು ದುರ್ಯೋಧನನ ಹೆಸರೇ ಎತ್ತಲಿಲ್ಲ. ತೊಪ್ಪೂರು ಘಾಟಿಯಲ್ಲಿ ಲಾರಿಗೆ ಸಿಕ್ಕಿ ಹೋದ ತಮ್ಮನ ಹೆಸರು ಹಿಡಿದು ಅಳುತ್ತಿದ್ದಳು. ‘ಕೆಟ್ಟವನು ಸತ್ತರೆ ಯಾಕೆ ತಾತ ಅಳ್ತಾರೆ?’ ಅಂತ ನೀನು ಕೇಳಿದೆ. ‘ಸುಮ್ಮನಿರು’ ಅಂದೆ. ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಗದರಿದ್ದು.

ಉತ್ತರ ಸಿಕ್ಕಿದ್ದು ರನ್ನನಲ್ಲಿ. ಮುಧೋಳದ ಬಳೆಗಾರರ ಮನೆಯ ಹುಡುಗ ಅವನು, 10ನೇ ಶತಮಾನದ ಕೊನೆಯ ಕಾಲ. ಹಳಗನ್ನಡ ನನ್ನ ಹಲ್ಲಿಗೆ ಬಗ್ಗುವುದಿಲ್ಲ. ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡು ‘ಗದಾಯುದ್ಧ’ವನ್ನು ಒಂದು ಮಳೆಗಾಲ ಪೂರ್ತಿ ಓದಿದೆ. ಎಲ್ಲರೂ ಹೊಗಳುವುದು ಸರೋವರದ ಪ್ರಸಂಗವನ್ನು. ಭೀಮನ ಮೂದಲಿಕೆ ಕೇಳಿ ದುರ್ಯೋಧನನಿಗೆ ನೀರೊಳಗೂ ಮೈ ಬೆವರಿತು ಎನ್ನುವುದನ್ನು. ನನಗೆ ಹಿಡಿಸಿದ್ದು ಅದಕ್ಕೂ ಮುಂಚಿನ ಭಾಗ. ಸಂಜಯನ ಜೊತೆ ಅವನು ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮನನ್ನು ನೋಡಲು ಹೋಗುತ್ತಾನೆ. ದ್ರೋಣ ಬಿದ್ದಿದ್ದಾನೆ. ಅಭಿಮನ್ಯು ಬಿದ್ದಿದ್ದಾನೆ. ಶತ್ರುವಿನ ಮಗ, ಆದರೂ ಕೈಮುಗಿದು ತನಗೂ ಅಂಥ ಸಾವು ಸಿಗಲಿ ಅನ್ನುತ್ತಾನೆ. ಆಮೇಲೆ ದುಶ್ಶಾಸನ. ತಮ್ಮನ ಹೆಣದ ಮುಂದೆ ಆ ಚಕ್ರವರ್ತಿಗೆ ನೆನಪಾಗುವುದು ರಾಜ್ಯವಲ್ಲ, ತಾಯಿಯ ಮೊಲೆಹಾಲು. ಮೊದಲು ತಾನು ಕುಡಿದದ್ದು, ಆಮೇಲೆ ಅವನು. ಎಲ್ಲದರಲ್ಲೂ ತಾನು ಮುಂದು, ಸಾಯುವುದರಲ್ಲಿ ಮಾತ್ರ ಅವನು ಸರದಿ ತಪ್ಪಿಸಿಬಿಟ್ಟ ಅಂತ. ಅಲ್ಲಿ ಪುಸ್ತಕ ಮುಚ್ಚಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತೆ.

ಯಾಕೆ ಅಂತ ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ಅಪ್ಪನಿಗೂ ಹೇಳಿಲ್ಲ.

ಪಾಕಿಸ್ತಾನದ ಮೇಲಿನ ಯುದ್ಧ, 1971ರ ಡಿಸೆಂಬರ್ 15ರ ರಾತ್ರಿ. ಶಕರ್‌ಗಢದ ವಲಯ, ಬಸಂತರ್ ಎಂಬ ನದಿ. ಮೈನು ಹೂತ ನೆಲದಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಡುವುದು ನಮ್ಮ ಕೆಲಸ. ಕೈಯಲ್ಲಿ ಒಂದು ಕಬ್ಬಿಣದ ಕಡ್ಡಿ. ಅದನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು. ಮೈನಿನ ತಲೆಗೆ ತಾಗಬಾರದು, ಪಕ್ಕೆಗೆ ತಾಗಬೇಕು. ತಾಗಿದರೆ ಸುತ್ತಲಿನ ಮಣ್ಣನ್ನು ಬೆರಳಲ್ಲೇ ಬಿಡಿಸಬೇಕು, ಮಗುವಿನ ಕಣ್ಣಿನ ಪಿಸುರು ತೆಗೆದ ಹಾಗೆ. ನನ್ನ ಬೆರಳು ಚಳಿಗೆ ಮರಗಟ್ಟಿದ್ದವು. ಪಕ್ಕದಲ್ಲಿ ತಳಿ ಕಡೆಯ ಹುಡುಗ, ನಮ್ಮ ಹಾಗೇ ಮನೆಮಾತು ಕನ್ನಡ. ‘ಇತ್ತ ಕೊಡೋ, ಕೈ ಬೆಚ್ಚಗೆ ಮಾಡ್ಕೊ’ ಅಂತ ಕಡ್ಡಿ ಇಸಕೊಂಡ. ನಾನು ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಒಂದು ಎರಡು ಅಂತ ಎಣಿಸುತ್ತಿದ್ದೆ. ನೂರು ಆಗಿರಲಿಲ್ಲ. ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ದಾರಿ ಪೂರ್ತಿಯಾಗುವುದಕ್ಕೂ ಕಾಯದೆ ಟ್ಯಾಂಕುಗಳು ನುಗ್ಗಿದವು. ಆ ನದಿ ದಾಟಿ ಹೋಗಿ 16ರಂದು ತೀರಿಕೊಂಡ ಅರುಣ್ ಖೇತರಪಾಲರಿಗೆ ಪರಮವೀರ ಚಕ್ರ ಬಂತು. 21 ವರ್ಷ, ನನ್ನ ವಾರಿಗೆಯವರು. ಸರಿಯಾಗೇ ಬಂತು, ಅದರಲ್ಲಿ ಮಾತಿಲ್ಲ. ಧರ್ಮಪುರಿಯ ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳ ಸಾಲು ನೀನೂ ನೋಡಿದ್ದೀಯ. ಕಾದಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಕಾದಿ ಬದುಕಿ ಬಂದವನು ಮರುದಿನ ಏನು ಮಾಡಿದ ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ.

ನಾನು ಏನು ಮಾಡಿದೆ ಹೇಳಲೇ? ನಿನ್ನ ಸೈನಿಕನ ಹಾಗೆ ಕಿರುಚಲಿಲ್ಲ. ಕುಡಿಯಲಿಲ್ಲ. ಊರಿಗೆ ಬಂದ ಮೇಲೆ ಕೋಲು ಹಿಡಿಯುವ ಚಟ ಹತ್ತಿತು, ಅಷ್ಟೆ. ವಾಣಿಯಾರ್ ಕಾಲುವೆಯ ಬದಿಯಲ್ಲಿ, ಮರಗೆಣಸಿನ ಹೊಲದಲ್ಲಿ, ಹೆಜ್ಜೆ ಇಡುವ ಮುಂಚೆ ನೆಲವನ್ನು ಓರೆಯಾಗಿ ಚುಚ್ಚಿ ನೋಡುವುದು. ನಿನ್ನ ಅಜ್ಜಿ ಕೇಳಿದಳು. ‘ಹಾವು ಇರ್ತವೆ’ ಅಂದೆ. ಇಪ್ಪತ್ತು ವರ್ಷ ಅದೇ ಸುಳ್ಳು. ನಿನ್ನ ಅಪ್ಪ ನಾಲ್ಕು ವರ್ಷದವನಿದ್ದಾಗ ಹೊಸದಾಗಿ ಉತ್ತ ಹೊಲದೊಳಕ್ಕೆ ಓಡಿದ. ರಟ್ಟೆ ಹಿಡಿದು ಎಳೆದು ಹೊಡೆದೆ. ಚೆನ್ನಾಗೇ ಹೊಡೆದೆ. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ, ನಾನು ಹೇಳಲಿಲ್ಲ.

ಹೇಳಲಾಗದ್ದು ನನಗೊಬ್ಬನಿಗೇ ಅಲ್ಲ. ಜರ್ಮನಿಯ ರೆಮಾರ್ಕ್ ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಂದು 1929ರಲ್ಲಿ ಒಂದು ಕಾದಂಬರಿ ತಂದ. ಅದರ ಹುಡುಗ ರಜೆಯ ಮೇಲೆ ಮನೆಗೆ ಬರುತ್ತಾನೆ. ಅಪ್ಪನಿಗೆ ಯುದ್ಧದ ಕಥೆ ಕೇಳುವ ಚಪಲ. ಹುಡುಗನಿಗೆ, ಹೇಳಹೊರಟರೆ ಅದು ಬೆಳೆದು ತನ್ನ ಕೈಮೀರೀತು ಎಂಬ ಭಯ. ಹೌದು, ಹಾಗೇ ಆಗುತ್ತದೆ. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂತು. ಅದರಲ್ಲಿನ ರಣರಂಗದ ನಾತ, ನೊಣ, ನೀರಿನ ಬವಣೆ ಓದಿ, ಇವರಿಗೆ ಇದನ್ನೆಲ್ಲ ಯಾರು ಹೇಳಿದರಪ್ಪಾ ಅಂತ ಬೆರಗಾಗಿದ್ದೆ.

ಕಾಲು ಕಳೆದುಕೊಂಡ ಆ ಹುಡುಗನ ತಳಿ ನಮಗೇನು ದೂರ ಮಗೂ? ಧರ್ಮಪುರಿ, ಹೊಸೂರು, ಅಲ್ಲಿಂದ ಇನ್ನೊಂದು ಬಸ್ಸು. ಇಪ್ಪತ್ತೈದು ವರ್ಷ ನಾನು ಆ ಮೂರು ಬಸ್ಸು ಹತ್ತಲಿಲ್ಲ. ಒಂದು ಕಾರ್ಡೂ ಹಾಕಲಿಲ್ಲ. ಕೊನೆಗೆ ಒಂದು ರಾತ್ರಿ ನಿನ್ನ ಅಜ್ಜಿ ರಾಗಿ ಕೇರುತ್ತಾ, ತಲೆ ಎತ್ತದೆ, ‘ಹಾವಿಗೆ ಯಾರಾದರೂ ಹಾಗೆ ಓರೆಯಾಗಿ ಚುಚ್ತಾರಾ?’ ಅಂದಳು. ಅವಳು ಕೇರುತ್ತಲೇ ಇದ್ದಳು, ನಾನು ಹೇಳುತ್ತಲೇ ಹೋದೆ. ಮರುವಾರ ಅವಳೇ ನನ್ನನ್ನು ಹೊರಡಿಸಿಕೊಂಡು ತಳಿಗೆ ಹೋದಳು. ಅವನು ಮರದ ಕಾಲು ಹಾಕಿಕೊಂಡು ಹಸು ಕಟ್ಟುತ್ತಿದ್ದ. ಕಂಡು ನಕ್ಕ. ಮುದ್ದೆ ಊಟ ಹಾಕಿಸಿದ. ದಿನವಿಡೀ ರಾಗಿಯ ರೇಟು, ಹಸುವಿನ ಹಾಲು, ಅವನ ಮಗಳ ಮದುವೆ. ಬಸ್ ಸ್ಟಾಪಿನ ತನಕ ಕುಂಟುತ್ತಾ ಬಂದ. ಬಸ್ಸು ತಿರುವಿನಲ್ಲಿ ಕಂಡ ಮೇಲೆ ‘ಎಂಥ ಚಳಿ ಇತ್ತಲ್ಲವೇನೋ ಅವತ್ತು’ ಅಂದ. ‘ವಿಪರೀತ ಚಳಿ’ ಅಂದೆ. ಅಷ್ಟೇ ನಾವಿಬ್ಬರೂ ಆಡಿದ್ದು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೋಲು ಬಿಟ್ಟೆ ಅಂದುಕೊಳ್ಳಬೇಡ, ಅದು ಇನ್ನೂ ಬಾಗಿಲ ಸಂದಿಯಲ್ಲೇ ಇದೆ.

ಹಾಗಾಗಿ ಪುಟ್ಟಾ, ನಾನು ಹೇಳಬೇಕೆಂದಿದ್ದು ಒಂದೇ ಮಾತು. ನಿನ್ನ ಸೈನಿಕನನ್ನು ಒಂಟಿಯಾಗಿ ಬಿಡಬೇಡ. ರನ್ನ ಅಂಥ ಛಲದಂಕಮಲ್ಲ ದುರ್ಯೋಧನನ ಜೊತೆಗೂ ಒಬ್ಬ ಸಂಜಯನನ್ನು ಕಳಿಸಿದ. ಪಡುಕಳದಲ್ಲಿ ಸೋತವನಿಗೂ ಊರಿಗೆ ಊರೇ ಜೊತೆ ಕೂರುತ್ತದೆ. ನಿನ್ನ ಕಥೆಯ ಹೆಂಡತಿ ಪೆಟ್ಟು ತಿನ್ನಲಿಕ್ಕೆ ಮಾತ್ರ ಇದ್ದಾಳೆ. ಅವಳ ಕೈಗೆ ಒಂದು ಮೊರ ಕೊಟ್ಟು ಅವನ ಪಕ್ಕದಲ್ಲಿ ಕೂರಿಸು. ಅವನು ಹೇಳಿದರೆ ಹೇಳಲಿ, ಬಿಟ್ಟರೆ ಬಿಡಲಿ. ಬಾವುಟದ ಪ್ರಸಂಗ ಹೊಡೆದುಹಾಕು.

ಈ ಸಲದ ಭಾರತಕ್ಕೆ ರಜೆ ಹಾಕಿ ಬಾ. ಬೊಮ್ಮಿಡಿಯಲ್ಲಿ ಇಳಿದರೆ ಸಾಕು, ಯಾರನ್ನಾದರೂ ಸ್ಟೇಷನ್ನಿಗೆ ಕಳಿಸುತ್ತೇನೆ. ತಿದ್ದಿದ ಕಥೆಯನ್ನೂ ದೊಡ್ಡ ಅಕ್ಷರದಲ್ಲೇ ತಾ, ಕನ್ನಡಕ ಇನ್ನೂ ಬದಲಿಸಿಲ್ಲ. ಈ ಕಾಗದ ಓದಿಯಾದ ಮೇಲೆ ಮಡಿಸಿ ಇಟ್ಟುಕೊಳ್ಳಬೇಡ. ನಿನ್ನ ಅಪ್ಪನ ಕೈಗೆ ಕೊಡು.

ಇಂತಿ,
ನಿನ್ನ ತಾತ