ಮಣ್ಣುಬಿಲ್ಲೆಯ ಕಮಾನುಗಳು

ವಿದ್ಯಾರ್ಥಿಗಳೇ, ಭೂಪಟದಲ್ಲಿ ದಕ್ಷಿಣ ಆಫ್ರಿಕದ ಉತ್ತರದ ಅಂಚನ್ನು ನೋಡಿರಿ. ಶಾಶೆ ನದಿಯು ಲಿಂಪೋಪೋ ನದಿಯನ್ನು ಕೂಡುವಲ್ಲಿ ಮೂರು ದೇಶಗಳ ಎಲ್ಲೆಗಳು ಸೇರುತ್ತವೆ. ಗಡಿನಾಡಿನವರಾದ ನಮಗೆ ಅಂತಹ ಸ್ಥಳದ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಮಾಪುಂಗುಬ್ವೆ ಎಂಬ ಮರಳುಗಲ್ಲಿನ ಗುಡ್ಡದ ಮೇಲೆ 13ನೆಯ ಶತಮಾನದಲ್ಲಿ ಒಂದು ರಾಜಧಾನಿಯಿದ್ದಿತು. ಅಲ್ಲಿಯವರು ದಂತವನ್ನೂ ಚಿನ್ನವನ್ನೂ ಕೊಟ್ಟು ಹಿಂದೂ ಮಹಾಸಾಗರದ ಆಚೆಯಿಂದ ಗಾಜಿನ ಮಣಿಗಳನ್ನು ತರಿಸುತ್ತಿದ್ದರು. ಅವರ ಗೋರಿಯೊಂದರಲ್ಲಿ ಚಿನ್ನದ ತಗಡಿನ ಪುಟ್ಟ ಘೇಂಡಾಮೃಗವು 1930ರ ದಶಕದಲ್ಲಿ ದೊರೆಯಿತು. ಆದರೆ ಕರಿಯರೇ ಇಂತಹ ರಾಜ್ಯವನ್ನು ಕಟ್ಟಿದ್ದರೆಂಬುದು ವರ್ಣಭೇದದ ಸರಕಾರಕ್ಕೆ ರುಚಿಸಲಿಲ್ಲ. ಅದು ಬಹುಕಾಲ ಮಕ್ಕಳ ಪಾಠಕ್ಕೆ ಬರಲಿಲ್ಲ. 2003ರಲ್ಲಿ ಈ ಸ್ಥಳವು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನೋಡಬಂದವರಿಗೆ ಈ ಚರಿತ್ರೆಯನ್ನು ತಿಳಿಸುವ ಮಂದಿರವೊಂದನ್ನು ಅಲ್ಲಿ ಕಟ್ಟಬೇಕಾಯಿತು. ಶಿಲ್ಪಿ ಪೀಟರ್ ರಿಚ್ ಅವರು ಆರಿಸಿಕೊಂಡ ಮುಖ್ಯ ಸಾಮಗ್ರಿಯು ಆ ನೆಲದ ಮಣ್ಣೇ. ಅದಕ್ಕೆ ಸ್ವಲ್ಪ ಸಿಮೆಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಡದೆಯೇ ಸುಮಾರು 2,00,000 ತೆಳುಬಿಲ್ಲೆಗಳನ್ನು ಮಾಡಿದರು. ಮಾಡಿದವರು ಸುತ್ತಲಿನ ನಿರುದ್ಯೋಗಿ ಜನರು. ಕೂಲಿಯೊಡನೆ ಅವರಿಗೆ ಕಸುಬೂ ದೊರೆತುದು ನನಗೆ ಬಹಳ ಮೆಚ್ಚಿಕೆಯಾಯಿತು.

ಮಣ್ಣಿನ ಛಾವಣಿ ನಿಲ್ಲುವುದೆಂತು? ಒಂದು ಸರಪಳಿಯ ಎರಡು ತುದಿಗಳನ್ನು ಹಿಡಿದು ಜೋಲಬಿಡಿರಿ. ಅದರ ಪ್ರತಿಯೊಂದು ಕೊಂಡಿಯೂ ಎಳೆತಕ್ಕೆ ಒಳಗಾಗಿರುತ್ತದೆ. ಅದೇ ಆಕಾರವನ್ನು ತಲೆಕೆಳಗು ಮಾಡಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಇದು ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1675ರಲ್ಲಿ ಸೂಚಿಸಿದ ತತ್ತ್ವ. ಮಣ್ಣು ಎಳೆದರೆ ಬಿರಿಯುತ್ತದೆ, ಒತ್ತಿದರೆ ತಾಳುತ್ತದೆ. ಆದುದರಿಂದ ಕಮಾನಿನ ಆಕಾರ ಸರಿಯಾಗಿದ್ದರೆ ಉಕ್ಕಿನ ಸರಳುಗಳನ್ನು ನೆಚ್ಚಬೇಕಾಗಿಲ್ಲ. ಬೇಗನೆ ಗಟ್ಟಿಯಾಗುವ ಜಿಪ್ಸಮ್ ಗಾರೆಯಿಂದ ಮೊದಲ ಪದರದ ಬಿಲ್ಲೆಗಳನ್ನು ಅಂಚಿಗೆ ಅಂಚು ಅಂಟಿಸಿ, ಮೇಲೆ ಬೇರೆ ಪದರಗಳನ್ನು ಹಾಕುತ್ತಾರೆ. ಕೆಳಗೆ ತುಂಬು ಹಲಗೆಯ ಆಸರೆ ಬೇಡ. ಈ ಕಟ್ಟಣೆಯ ತವರು ಸ್ಪೇನ್ ದೇಶದ ಕತಲೋನಿಯ. ದಪ್ಪನೆಯ ಮಣ್ಣುಕಲ್ಲುಗಳ ಮೈಯು ಹಗಲಿನ ಕಾವನ್ನು ಒಳಕ್ಕೆ ಬೇಗ ಬಿಡುವುದಿಲ್ಲವೆಂಬುದು ಮುರಕಲ್ಲಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಆದರೂ ಮಣ್ಣಿನ ಮನೆಯೆಂದರೆ ಬಡತನವೆಂದು ನಾಚುವ ಪೋಷಕರು ನಮ್ಮಲ್ಲಿ ಇಲ್ಲದಿಲ್ಲ.

ಕಮಾನುಗಳ ಹೊರಮೈಗೆ ಅಲ್ಲಿಯ ಕಲ್ಲನ್ನೇ ಹೊದಿಸಿರುವುದರಿಂದ ಅವು ಗುಡ್ಡದ ಬಂಡೆಗಳೊಡನೆ ಬೆರೆತುಹೋಗಿವೆ. 2009ರ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ಇದನ್ನು ವರ್ಷದ ಶ್ರೇಷ್ಠ ಕಟ್ಟಡವೆಂದು ಆರಿಸಿದರು. ಆ ಉತ್ಸವ ನಡೆದುದು ಕತಲೋನಿಯದ ಬಾರ್ಸಿಲೋನ ನಗರದಲ್ಲಿಯೇ.