ಮಕ್ಕಳ ನಾಳೆ, ಉಪ್ಪನ ಉತ್ತರ

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರು ಅನ್ನಹ್ಲ್, ಅಂದರೆ ಜೇನುನೊಣ. ಅದರ 8ನೇ ಸೂಕ್ತದಲ್ಲಿ ಅಲ್ಲಾಹನು ಸವಾರಿಗಾಗಿ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸೃಷ್ಟಿಸಿದ್ದನ್ನು ನೆನಪಿಸಿ, ಮನುಷ್ಯರು ಅರಿಯದ ಇನ್ನೂ ಅನೇಕವನ್ನು ತಾನು ಸೃಷ್ಟಿಸುವುದಾಗಿ ತಿಳಿಸಿರುವನು. ಇಂದಿನ ವಾಹನಗಳೂ ಇದರಲ್ಲಿ ಸೇರುತ್ತವೆಂದು ಆಧುನಿಕ ಕಾಲದ ಹಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಾಗಿರುವಾಗ, ಮುಂದೆ ಬರಲಿರುವ ಯಂತ್ರಗಳ ಬಗ್ಗೆ ಮಗು ಕೇಳಿದರೆ ಹರಟೆಯೆಂದು ತಳ್ಳಿಹಾಕುವುದು ವಿಶ್ವಾಸಿಗೆ ಒಪ್ಪುವುದೇ?

ಕುರ್‌ಆನ್ ತೋರುವ ತಂದೆಯರನ್ನು ನೋಡಿರಿ. ಹನ್ನೊಂದು ನಕ್ಷತ್ರಗಳೂ ಸೂರ್ಯ ಚಂದ್ರರೂ ತನಗೆ ಬಾಗಿದ ಕನಸನ್ನು ಬಾಲಕ ಯೂಸುಫ್(ಅ) ಹೇಳಿದಾಗ ಯಅ್‌ಕೂಬ್(ಅ) ನಗಲಿಲ್ಲ, ಗದರಲಿಲ್ಲ. ಎಚ್ಚರಿಕೆಯನ್ನೂ ಶುಭವಾರ್ತೆಯನ್ನೂ ಕೊಟ್ಟರು. ಇಬ್ರಾಹೀಮ್(ಅ) ಕಠಿಣ ಪರೀಕ್ಷೆಯ ಗಳಿಗೆಯಲ್ಲೂ ಮಗನ ಅಭಿಪ್ರಾಯ ಕೇಳಿದರು. ಲುಕ್ಮಾನರು ಬಂಡೆಯೊಳಗಿನ ಸಾಸಿವೆ ಕಾಳಿನ ಚಿತ್ರವಿತ್ತು ಅಲ್ಲಾಹನ ಅರಿವಿನ ವ್ಯಾಪ್ತಿಯನ್ನು ಮಗನಿಗೆ ಮನಗಾಣಿಸಿದರು.

ಜೇನಿನ ನಾಡಿನಿಂದ ಒಂದು ಉದಾಹರಣೆ

ನಮ್ಮ ಕಕ್ಕಬೆಯ ಹೆಸರು ಜೇನಿನೊಂದಿಗೆ ಬೆಸೆದುಕೊಂಡಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ದಕ್ಷಿಣ ಭಾರತದ ತುಡುವೆ ಜೇನು ಅಪಾರವಾಗಿ ನಾಶವಾಯಿತು. ಕೊಡಗಿನ ಪೆಟ್ಟಿಗೆಗಳೂ ಬರಿದಾದವು. ಇದನ್ನು ಕೇಳಿದ ಮಗು ಕಾಫಿ ತೋಟದಲ್ಲಿ ಹೀಗೆ ಕೇಳಿತೆಂದುಕೊಳ್ಳಿ:

“ಉಪ್ಪಾ, ಜೇನು ಪೂರಾ ಮುಗಿದರೆ ಯಂತ್ರದ ನೊಣ ಮಾಡಬಹುದಲ್ವಾ?”

“ಸುಮ್ಮನಿರು” ಎಂದರೆ ಮಾತು ಅಲ್ಲಿಗೇ ಮುಗಿಯಿತು. ಹೀಗೆ ಹೇಳಿ ನೋಡಿ:

“ಪ್ರಯತ್ನ ಮಾಡ್ತಿದ್ದಾರೆ ಮಗಾ. ಅಮೇರಿಕದ ಹಾರ್ವರ್ಡಿನವರು ಮಾಡಿದ ನೊಣದಂಥ ಯಂತ್ರ ಹಾರಿದ ಸುದ್ದಿ 2013ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೆ ತಂತಿಯಲ್ಲಿ ಕರೆಂಟು ಕೊಡಬೇಕಿತ್ತು. ನಿನ್ನ ನೊಣಕ್ಕೆ ಊಟ ಏನು?”

“ಬಿಸಿಲು!”

“ಮೋಡ ಕವಿದ ದಿನ?”

“ಮನೇಲಿ ಮಲಗ್ತದೆ.”

“ಮನೆ ತಾನೇ ಕಟ್ಟಿಕೊಳ್ತದಾ? ಮರಿ ಮಾಡ್ತದಾ? ಜೇನುತುಪ್ಪ ಕೊಡ್ತದಾ?”

ಮಗು ಯೋಚನೆಗೆ ಬೀಳುವ ಈ ಹೊತ್ತಿನಲ್ಲಿ ಅದೇ ಅಧ್ಯಾಯದ 68, 69ನೇ ಸೂಕ್ತಗಳ ಸಾರವನ್ನು ತಿಳಿಸಿರಿ: ಬೆಟ್ಟಗಳಲ್ಲಿ, ಮರಗಳಲ್ಲಿ, ಮನುಷ್ಯರು ಕಟ್ಟಿದವುಗಳಲ್ಲಿ ಗೂಡು ಮಾಡಲು ಜೇನಿಗೆ ಕಲಿಸಿದವನು ಅಲ್ಲಾಹನು, ಯೋಚಿಸುವವರಿಗೆ ಅದರಲ್ಲಿ ನಿದರ್ಶನವಿದೆ. ಯಂತ್ರವನ್ನು ಹೀಗಳೆಯದೆಯೇ ಸೃಷ್ಟಿಕರ್ತನ ಹಿರಿಮೆ ಮಗುವಿಗೆ ಮನದಟ್ಟಾಗುತ್ತದೆ.

ಯಂತ್ರ ಮತ್ತು ಇಬಾದತ್

“ವುಝೂ ಮಾಡಿಸುವ ಯಂತ್ರ ಬರ್ತದಾ?” ಎಂದರೆ ಅಲ್‌ಜಝರಿಯ ಕಥೆ ಹೇಳಿರಿ. ವುಝೂವಿಗೆ ಸೇವಕರು ನೀರೆರೆಯುವುದನ್ನು ಇಷ್ಟಪಡದ ಅರಸನಿಗಾಗಿ ಅವರು ಅಂಥ ಯಂತ್ರವನ್ನೇ ರಚಿಸಿದ್ದರು. ಅದನ್ನು ವಿವರಿಸುವ ಅವರ ಗ್ರಂಥ 1206ರಲ್ಲಿ ಪೂರ್ಣಗೊಂಡಿತು. “ಆಕಾಶದಲ್ಲಿ ಕಿಬ್ಲಾ ಎತ್ತ?” ಎಂದರೆ, 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಝಫರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿಯ ವಿದ್ವಾಂಸರು ಮಾರ್ಗಸೂಚಿ ಕೊಟ್ಟದ್ದನ್ನು ತಿಳಿಸಿರಿ: ಸಾಧ್ಯವಾದರೆ ಕಅ್‌ಬಾದತ್ತ, ಇಲ್ಲವಾದರೆ ಅದರ ನೇರದತ್ತ, ಅದೂ ಆಗದಿದ್ದರೆ ಭೂಮಿಯತ್ತ, ಯಾವುದೂ ಆಗದಿದ್ದರೆ ಸಾಧ್ಯವಾದತ್ತ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. “ಯಂತ್ರ ತಪ್ಪಿಲ್ಲದೆ ಕುರ್‌ಆನ್ ಓದುವಾಗ ನಾನೇಕೆ ಕಲಿಯಬೇಕು?” ಇಂದಿನ ಮಗು ಇದನ್ನು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದೆ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬುದು ಪ್ರವಾದಿ(ಸ)ರ ಬೋಧನೆ. ಯಂತ್ರಕ್ಕೆ ಸ್ವರವಿದೆ, ನಿಯ್ಯತ್ತಿಲ್ಲ. ಅದು ಅಲ್ಲಾಹನನ್ನು ಪ್ರೀತಿಸದು, ಭಯಪಡದು, ಅದಕ್ಕೆ ವಿಚಾರಣೆಯೂ ಇಲ್ಲ. ತೊದಲುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲವಿದೆಯೆಂದು ಹದೀಸಿನಲ್ಲಿದೆ. ಆ ತೊದಲು ಅಲ್ಲಾಹನಿಗೆ ಎಷ್ಟು ಪ್ರಿಯವೆಂದು ಮಗುವಿಗೆ ಮನೆಯಲ್ಲಿ ತಿಳಿಯಬೇಕು.

ಎರಡು ಎಚ್ಚರಿಕೆಗಳು

ಒಂದು, ಊಹೆ ಬೇರೆ, ಅದೃಶ್ಯಜ್ಞಾನ ಬೇರೆ. ನಾಳೆ ಏನಾಗುವುದೆಂದು ಬಲ್ಲವನು ಅಲ್ಲಾಹನೊಬ್ಬನೇ. “ದೊಡ್ಡವನಾದ ಮೇಲೆ ಮಾಡ್ತೇನೆ” ಎನ್ನುವ ಮಗುವಿಗೆ “ಇನ್‌ಶಾ ಅಲ್ಲಾಹ್” ಸೇರಿಸಲು ಕಲಿಸಿರಿ. ಅಲ್‌ಕಹ್ಫ್ ಅಧ್ಯಾಯದ ಪಾಠ ಅದೇ.

ಎರಡು, ತಿಳಿಯದ್ದನ್ನು ತಿಳಿದಂತೆ ನಟಿಸಬೇಡಿರಿ. “ಗೊತ್ತಿಲ್ಲ” ಎನ್ನಲು ಇಮಾಮ್ ಮಾಲಿಕ್(ರ)ರಂಥವರೂ ಹಿಂಜರಿಯಲಿಲ್ಲ. “ಗೊತ್ತಿಲ್ಲ ಮಗಾ, ಉಸ್ತಾದರಲ್ಲಿ ಕೇಳೋಣ” ಎಂಬ ಮಾತು ತಂದೆಯ ಗೌರವವನ್ನು ತಗ್ಗಿಸುವುದಿಲ್ಲ.

ಸಹೋದರರೇ, ಸಹೋದರಿಯರೇ, ಮನೆಯಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಮಗು ಮೊಬೈಲಿಗೆ ಒಯ್ಯುತ್ತದೆ. ಮೊಬೈಲು ಉತ್ತರಿಸೀತು, ಆದರೆ ತಲೆ ಸವರಿ ದುಆ ಮಾಡದು. ಇಶಾ ನಮಾಝಿನ ನಂತರ ದಿನಕ್ಕೆ ಹತ್ತು ನಿಮಿಷ ಮಕ್ಕಳ ನಾಳೆಗೆ ಕಿವಿಗೊಡಿರಿ. ಅವರ ಅರಿವನ್ನು ಅಲ್ಲಾಹನು ಮನುಕುಲಕ್ಕೆ ಉಪಕಾರಿಯಾಗಿಸಲಿ. ಆಮೀನ್.